ತಣ್ಣಗಾದ ಅಂಗಾಲು: ನಂಜೇರಿದ ಮಕ್ಕಳ ಹೃದಯದ ಚರಿತ್ರೆ

ಸೋಂಕಿನ ನಂಜು ಮಕ್ಕಳ ಹೃದಯದ ಸ್ನಾಯುವನ್ನೂ ಸೋಲಿಸುತ್ತದೆ ಎಂಬುದು ವೈದ್ಯರ ಕಣ್ಣಿಗೆ ಸ್ಪಷ್ಟವಾಗಿ ಬಿದ್ದದ್ದು ಗಂಟಲುಮಾರಿಯ ವಾರ್ಡುಗಳಲ್ಲಿ. ಪುಸ್ತಕದಲ್ಲಿ ಡಿಫ್ತೀರಿಯಾ ಎನ್ನಿಸಿಕೊಳ್ಳುವ ಈ ರೋಗದ ಸೂಕ್ಷ್ಮಾಣು ಸಾಮಾನ್ಯವಾಗಿ ಗಂಟಲು ಬಿಟ್ಟು ಕದಲುವುದಿಲ್ಲ. 1884ರಲ್ಲಿ ಜರ್ಮನಿಯ ಫ್ರೀಡ್ರಿಷ್ ಲೋಫ್ಲರ್ ಅದನ್ನು ಬೆಳೆಸಿ ತೋರಿಸಿದಾಗ ಅವರನ್ನು ಕಾಡಿದ್ದೂ ಇದೇ ಸಂಗತಿ. ಸೂಕ್ಷ್ಮಾಣು ಒಂದು ಕಡೆ, ಹಾನಿ ಮತ್ತೊಂದು ಕಡೆ. ಒಳಗೆ ಏನೋ ವಿಷ ಹರಿದುಹೋಗುತ್ತಿರಬೇಕು ಎಂದು ಅವರು ಊಹಿಸಿದರು. 1888ರಲ್ಲಿ ಪ್ಯಾರಿಸ್ಸಿನ ಎಮಿಲ್ ರೂ ಮತ್ತು ಅಲೆಕ್ಸಾಂಡರ್ ಯರ್ಸಿನ್ ಸೂಕ್ಷ್ಮಾಣುಗಳನ್ನೆಲ್ಲ ಸೋಸಿ ತೆಗೆದು, ಉಳಿದ ದ್ರವದಿಂದಲೇ ಪ್ರಾಣಿಗಳಿಗೆ ರೋಗ ಬರಿಸಿ ಆ ಊಹೆಯನ್ನು ನಿಜ ಮಾಡಿದರು.

1980ರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ಮಕ್ಕಳ ವೈದ್ಯಕೀಯ ಕಲಿಯುವಾಗ ಆ ವಿಷದ ಕೆಲಸವನ್ನು ನಾನು ಕಣ್ಣಾರೆ ಕಂಡೆ. ಗಂಟಲಿನ ಬೂದುಬಣ್ಣದ ಪೊರೆ ಕಳಚಿ, ಜ್ವರ ಇಳಿದು, ಕೂಸು ಅನ್ನ ಕೇಳುವ ಹೊತ್ತಿಗೆ ಎರಡನೇ ವಾರ ಬಂದಿರುತ್ತಿತ್ತು. ಮನೆಯವರ ಲೆಕ್ಕದಲ್ಲಿ ಗಂಡಾಂತರ ಕಳೆದ ಹಾಗೆ. ನಮ್ಮ ಪ್ರೊಫೆಸರು ಮಾತ್ರ ರೌಂಡ್ಸಿನಲ್ಲಿ ಅದೇ ಕೂಸಿನ ಹಾಸಿಗೆಯ ಹತ್ತಿರ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. “ಯವ್ವಾ, ಇನ್ನ ಎರಡ ವಾರ ಕೂಸನ್ನ ಎಬ್ಬಿಸಿ ಕೂಡ್ರಸಬ್ಯಾಡ. ಮಲಗಿಸಿಕೊಂಡ ಉಣಸು” ಎಂದು ತಾಯಿಗೆ ಹೇಳುತ್ತಿದ್ದರು. ಆಮೇಲೆ ನಮ್ಮ ಕಡೆ ತಿರುಗಿ ನಾಡಿ ಎಣಿಸಲು ಹೇಳುತ್ತಿದ್ದರು. ನಾಡಿ ತಪ್ಪಿ ತಪ್ಪಿ ಬಡಿಯುತ್ತಿದ್ದರೆ, ಎದೆಯ ಮೊದಲ ಸದ್ದು ಮಂದವಾಗಿದ್ದರೆ, ವಿಷ ಹೃದಯಕ್ಕೆ ತಗುಲಿದೆ ಎಂದು ಅರ್ಥ. ನೀರು ಕುಡಿಯಲೆಂದು ಎದ್ದು ಕೂತ ಮಗು ಹಾಗೇ ಹಿಂದಕ್ಕೆ ವಾಲಿ ಪ್ರಾಣ ಬಿಟ್ಟದ್ದನ್ನು ನಾನು ನೋಡಿದ್ದೇನೆ. ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಿಂದ ಗಂಟಲುಮಾರಿ ಇನ್ನೂ ಪೂರ್ತಿ ಹೋಗಿಲ್ಲ. ಲಸಿಕೆ ಇರುವ ಕಾಯಿಲೆಗೆ ಒಂದು ಮಗು ಸಾಯುವುದನ್ನು ನಾನು ಇವತ್ತಿಗೂ ಸಹಿಸಲಾರೆ.

ಗಂಟಲುಮಾರಿಯ ವಿಷ ಹೃದಯದ ಸ್ನಾಯುವನ್ನು ಕೆಡಿಸುತ್ತದೆ ಎಂದು ಇಷ್ಟು ಹಿಂದೆಯೇ ತಿಳಿದಿದ್ದರೂ, ಬೇರೆ ಸೋಂಕುಗಳಲ್ಲಿ ಮಕ್ಕಳು ರಕ್ತ ಸಂಚಾರ ಕುಸಿದು ಶಾಕ್‌ಗೆ ಇಳಿದಾಗ ಯಾರೂ ಹೃದಯವನ್ನು ಸಂಶಯಿಸಲಿಲ್ಲ. ಇದಕ್ಕೆ ಒಂದು ಕಾರಣ 1899ರಲ್ಲಿ ಜರ್ಮನಿಯಲ್ಲಿ ಎರ್ನ್ಸ್ಟ್ ರೋಂಬರ್ಗ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳು. ಸೋಂಕು ತಗುಲಿಸಿದ ಮೊಲಗಳ ರಕ್ತದೊತ್ತಡ ಕುಸಿಯುವುದು ರಕ್ತನಾಳಗಳ ಬಿಗಿ ಸಡಿಲುವುದರಿಂದ, ಹೃದಯ ಸೋಲುವುದರಿಂದಲ್ಲ ಎಂದು ಅವರು ತೀರ್ಮಾನಿಸಿದರು. ಪ್ರಯೋಗಗಳು ಅಚ್ಚುಕಟ್ಟಾಗಿದ್ದವು, ತೀರ್ಮಾನವೂ ಅರ್ಧ ಸರಿಯಾಗಿತ್ತು. ಮಿಕ್ಕ ಅರ್ಧದ ಮೇಲೆ ಮುಂದೆ ಎಷ್ಟೋ ದಶಕ ಪರದೆ ಬಿತ್ತು. ಮೆನಿಂಗೊಕಾಕಸ್ ಸೋಂಕಿನಿಂದ ಮೈಮೇಲೆ ನೇರಳೆ ಕಲೆಗಳೆದ್ದು ಒಂದೇ ದಿನದಲ್ಲಿ ತೀರಿಕೊಂಡ ಮಕ್ಕಳನ್ನು ಇಂಗ್ಲೆಂಡಿನ ರೂಪರ್ಟ್ ವಾಟರ್‌ಹೌಸ್ 1911ರಲ್ಲಿ, ಡೆನ್ಮಾರ್ಕಿನ ಕಾರ್ಲ್ ಫ್ರಿಡರಿಕ್ಸೆನ್ 1918ರಲ್ಲಿ ವರ್ಣಿಸಿದರು. ಮರಣೋತ್ತರ ಪರೀಕ್ಷೆಯಲ್ಲಿ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗಳಲ್ಲಿ ರಕ್ತ ಸುರಿದಿತ್ತು, ಸಾವಿಗೆ ಅದೇ ಕಾರಣವೆಂದು ಪಠ್ಯಗಳಲ್ಲಿ ನಿಂತಿತು. ನಾವು ಪರೀಕ್ಷೆಗೆ ಓದಿದ್ದೂ ಅದನ್ನೇ. ಆ ಮಕ್ಕಳ ಹೃದಯ ಏನಾಗಿತ್ತು ಎಂದು ಯಾವ ಪರೀಕ್ಷಕರೂ ಕೇಳಲಿಲ್ಲ.

ಬಡಿಯುತ್ತಿರುವ ಹೃದಯವನ್ನು ನೋಡುವ ಉಪಾಯವೇ ಇಲ್ಲದಿದ್ದಾಗ ಬೇರೆ ಏನಾಗಬೇಕಿತ್ತು? ಆ ಉಪಾಯ ಬಂದದ್ದು ಸ್ವೀಡನ್ನಿನ ಲುಂಡ್ ಊರಿನಿಂದ. ಹೃದಯದ ಕವಾಟ ಎಷ್ಟು ಕಿರಿದಾಗಿದೆ ಎಂದು ಶಸ್ತ್ರಚಿಕಿತ್ಸೆಗೆ ಮೊದಲೇ ತಿಳಿಯುವ ದಾರಿಗಾಗಿ ಇಂಗೆ ಎಡ್ಲರ್ ಎಂಬ ವೈದ್ಯರು ಹುಡುಕುತ್ತಿದ್ದರು. ಭೌತಶಾಸ್ತ್ರಜ್ಞ ಹೆಲ್ಮುತ್ ಹರ್ಟ್ಸ್ ಮಾಲ್ಮೊ ಬಂದರಿನ ಹಡಗು ಕಟ್ಟೆಯಲ್ಲಿ ಲೋಹದ ಬಿರುಕು ಪತ್ತೆಹಚ್ಚಲು ಬಳಸುತ್ತಿದ್ದ ಶ್ರವಣಾತೀತ ಧ್ವನಿಯ ಯಂತ್ರವನ್ನು ಕಂಡರು, ಅದನ್ನು ತಮ್ಮ ಎದೆಗೇ ಒತ್ತಿ ನೋಡಿಕೊಂಡರು. ಅಂಥದ್ದೇ ಒಂದು ಯಂತ್ರವನ್ನು ಸೀಮೆನ್ಸ್ ಕಂಪನಿಯಿಂದ ಎರವಲು ಪಡೆದು, 1953ರ ಅಕ್ಟೋಬರಿನಲ್ಲಿ ಇಬ್ಬರೂ ಸೇರಿ ಹೃದಯದ ಚಲನೆಯನ್ನು ದಾಖಲಿಸಿದರು. ನಾವು ದಿನಕ್ಕೆ ಹತ್ತು ಸಲ ‘ಎಕೋ ಮಾಡಿಸಿ’ ಎನ್ನುತ್ತೇವಲ್ಲ, ಅದರ ಹುಟ್ಟು ಇದು. 1970ರಲ್ಲಿ ಲಾಸ್ ಏಂಜಲೀಸ್‌ನ ಜೆರೆಮಿ ಸ್ವಾನ್ ಮತ್ತು ವಿಲಿಯಂ ಗಾಂಜ್ ತುದಿಯಲ್ಲಿ ಪುಟ್ಟ ಬಲೂನಿರುವ ಕೊಳವೆಯೊಂದನ್ನು ಮುಂದಿಟ್ಟರು. ಅದನ್ನು ರಕ್ತನಾಳದೊಳಗೆ ಬಿಟ್ಟರೆ ರಕ್ತದ ಹರಿವೇ ಅದನ್ನು ಹೃದಯದ ಬಲಭಾಗ ದಾಟಿಸಿ ಶ್ವಾಸಕೋಶದ ಅಪಧಮನಿಗೆ ಒಯ್ಯುತ್ತಿತ್ತು. ಹೃದಯ ನಿಮಿಷಕ್ಕೆ ಎಷ್ಟು ರಕ್ತ ತಳ್ಳುತ್ತದೆ ಎಂದು ಹಾಸಿಗೆಯ ಪಕ್ಕದಲ್ಲೇ ಅಳೆಯಬಹುದಾಯಿತು.

ಅಳೆದಾಗ ಸಿಕ್ಕ ಲೆಕ್ಕ ಎಲ್ಲರನ್ನೂ ಇನ್ನಷ್ಟು ದಾರಿ ತಪ್ಪಿಸಿತು. ಸಾಕಷ್ಟು ಸಲೈನ್ ಪಡೆದ ದೊಡ್ಡವರಲ್ಲಿ ಸೆಪ್ಸಿಸ್, ಎಂದರೆ ಮೈಗೆಲ್ಲ ಏರಿದ ಸೋಂಕಿನ ನಂಜು, ಇದ್ದಾಗ ನಿಮಿಷದ ಲೆಕ್ಕ ಕಡಿಮೆಯಿರಲಿಲ್ಲ, ಸಾಮಾನ್ಯಕ್ಕಿಂತ ಹೆಚ್ಚೇ ಇತ್ತು. ಹಾಗಾದರೆ ಹೃದಯ ಚೆನ್ನಾಗಿದೆ ಎಂದೇ ಎಲ್ಲರೂ ತಿಳಿದರು. ಈ ಗಂಟನ್ನು ಬಿಡಿಸಿದ್ದು ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಂಡ. ಮಾರ್ಗರೆಟ್ ಪಾರ್ಕರ್, ಜೋಸೆಫ್ ಪರಿಲ್ಲೊ ಮತ್ತು ಜೊತೆಗಾರರು 1984ರಲ್ಲಿ 20 ರೋಗಿಗಳ ವಿವರ ಪ್ರಕಟಿಸಿದರು. ರಕ್ತಕಣಗಳಿಗೆ ವಿಕಿರಣಶೀಲ ಗುರುತು ಹಚ್ಚಿ, ಎಡ ಹೃತ್ಕುಕ್ಷಿ ತುಂಬಿಕೊಂಡ ರಕ್ತದಲ್ಲಿ ಪ್ರತಿ ಬಡಿತಕ್ಕೆ ಎಷ್ಟು ಪಾಲನ್ನು ಹೊರದಬ್ಬುತ್ತದೆ ಎಂದು ಅವರು ದಿನದಿನವೂ ಅಳೆದರು. ಈ ಪಾಲಿಗೆ ಇಜೆಕ್ಷನ್ ಫ್ರ್ಯಾಕ್ಷನ್ ಎನ್ನುತ್ತೇವೆ, ಆರೋಗ್ಯವಂತರಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಬದುಕುಳಿದ 13 ಮಂದಿಯಲ್ಲಿ 10 ಮಂದಿಗೆ ಅದು ಶುರುವಿನಲ್ಲಿ ಶೇ. 40ಕ್ಕಿಂತ ಕೆಳಗಿತ್ತು. ಅವರ ಹೃದಯ ಹಿಗ್ಗಿ ದೊಡ್ಡದಾಗಿತ್ತು, ವೇಗವಾಗಿ ಬಡಿದು ನಿಮಿಷದ ಲೆಕ್ಕವನ್ನು ಸರಿದೂಗಿಸುತ್ತಿತ್ತು. ಏಳರಿಂದ ಹತ್ತು ದಿನದೊಳಗೆ ಮತ್ತೆ ಮೊದಲಿನ ಅಳತೆಗೆ, ಮೊದಲಿನ ಬಲಕ್ಕೆ ಮರಳಿತು.

ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ನಡುಗಂಬ ಈ ಕೊನೆಯ ಮಾತು. ಹೃದಯಾಘಾತದಲ್ಲಿ ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ. ಸೆಪ್ಸಿಸ್‌ನಲ್ಲಿ ಸೋತ ಸ್ನಾಯುವಿನ ಬಹುಭಾಗ ಸತ್ತಿರುವುದಿಲ್ಲ, ಕೆಲಸ ಕಡಿಮೆ ಮಾಡಿಕೊಂಡಿರುತ್ತದೆ. ಆ ಕೆಲವು ದಿನ ಮಗುವನ್ನು ದಾಟಿಸಿದರೆ ಹೃದಯ ತಾನಾಗಿ ಮರಳುತ್ತದೆ. ನಾವು ಮಾಡುವುದೆಲ್ಲ ಈ ದಾಟಿಸುವ ಕೆಲಸವೇ.

1985ರಲ್ಲಿ ಪರಿಲ್ಲೊ ತಂಡ ಇನ್ನೊಂದು ಹೆಜ್ಜೆ ಇಟ್ಟಿತು. ಗಾಜಿನ ತಟ್ಟೆಯಲ್ಲಿ ತಾವಾಗಿ ಮಿಡಿಯುತ್ತಿದ್ದ, ಆಗಷ್ಟೇ ಹುಟ್ಟಿದ ಇಲಿಮರಿಗಳ ಹೃದಯಕೋಶಗಳ ಮೇಲೆ ಸೆಪ್ಟಿಕ್ ಶಾಕ್‌ನ ರೋಗಿಗಳ ರಕ್ತದ ಸೀರಮ್ ಹಾಕಿದರು. ಕೋಶಗಳ ಮಿಡಿತ ಸುಮಾರು ಮೂರನೇ ಒಂದು ಭಾಗ ಕುಗ್ಗಿತು. ಅದೇ ರೋಗಿಗಳು ಚೇತರಿಸಿಕೊಂಡ ಮೇಲೆ ತೆಗೆದ ಸೀರಮ್ ಹಾಕಿದರೆ ಕೋಶಗಳಿಗೆ ಏನೂ ಆಗಲಿಲ್ಲ. ಹೃದಯವನ್ನು ಕುಗ್ಗಿಸುವುದೇನೋ ರಕ್ತದಲ್ಲೇ ಇದೆ ಎಂದಾಯಿತು. 1996ರಲ್ಲಿ ಆನಂದ್ ಕುಮಾರ್, ಪರಿಲ್ಲೊ ಮೊದಲಾದವರು ಅದರಲ್ಲಿ ಎರಡನ್ನು ಗುರುತಿಸಿದರು: ಟಿಎನ್ಎಫ್ ಆಲ್ಫಾ ಮತ್ತು ಇಂಟರ್‌ಲ್ಯೂಕಿನ್-1 ಬೀಟಾ. ಎರಡೂ ಸೂಕ್ಷ್ಮಾಣುವಿನ ವಿಷವಲ್ಲ, ಸೋಂಕಿನ ವಿರುದ್ಧ ಹೋರಾಡಲು ನಮ್ಮ ದೇಹವೇ ಹೊರಬಿಡುವ ವಸ್ತುಗಳು. ಲಂಡನ್ನಿನ ಸಂಶೋಧಕರು 2004ರಲ್ಲಿ ಮೆನಿಂಗೊಕಾಕಸ್ ಶಾಕ್‌ನಲ್ಲಿದ್ದ ಮಕ್ಕಳ ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಇದೇ ಕೆಲಸ ಮಾಡುವುದನ್ನು ತೋರಿಸಿದರು. ವಾಟರ್‌ಹೌಸ್ ಮತ್ತು ಫ್ರಿಡರಿಕ್ಸೆನ್ ಕಂಡ ಆ ನೇರಳೆ ಕಲೆಯ ಮಕ್ಕಳ ಹೃದಯದ ಪ್ರಶ್ನೆಗೆ ಹೀಗೆ ಸುಮಾರು ತೊಂಬತ್ತು ವರ್ಷದ ಮೇಲೆ ಒಂದು ಉತ್ತರ ಸಿಕ್ಕಿತು.

ಬೆಥೆಸ್ಡಾದ ಲೆಕ್ಕ ದೊಡ್ಡವರದು. ಮಕ್ಕಳ ಕಥೆ ಬೇರೆ.

ಮಗುವಿನ ಕಥೆ ಯಾಕೆ ಬೇರೆ ಎಂಬುದನ್ನು ಸ್ವಲ್ಪ ನಿಂತು ಹೇಳಬೇಕು. ದೊಡ್ಡವರ ಹೃದಯ ನಿಮಿಷಕ್ಕೆ 70 ಸಲ ಬಡಿಯುತ್ತದೆ. ಸ್ನಾಯು ಸೋತಾಗ ಅದು 140ಕ್ಕೆ ಏರಿ ಕೊರತೆಯನ್ನು ತುಂಬಿಕೊಳ್ಳಬಲ್ಲದು. ಆರು ತಿಂಗಳ ಕೂಸಿನ ಹೃದಯ ನೆಮ್ಮದಿಯಲ್ಲಿದ್ದಾಗಲೇ 140ರ ಆಸುಪಾಸಿನಲ್ಲಿರುತ್ತದೆ. ಅದು 280ಕ್ಕೆ ಏರಲಾರದು, ಏರಿದರೆ ತುಂಬಿಕೊಳ್ಳಲು ಹೊತ್ತೇ ಸಿಗುವುದಿಲ್ಲ. ಎಳೆಯ ಹೃದಯ ದೊಡ್ಡವರದರಷ್ಟು ಹಿಗ್ಗುವುದೂ ಇಲ್ಲ. ಉಳಿಯುವುದು ಒಂದೇ ದಾರಿ: ಕೈಕಾಲಿನ ರಕ್ತನಾಳಗಳನ್ನು ಬಿಗಿದು, ಇದ್ದಷ್ಟು ರಕ್ತವನ್ನು ಮೆದುಳಿಗೂ ಹೃದಯಕ್ಕೂ ಕಾದಿಡುವುದು. ಅದಕ್ಕೇ ನಮ್ಮ ಕಡೆಯ ಅಜ್ಜಿಯರು ಓಪಿಡಿಯ ಬಾಗಿಲಲ್ಲೇ “ಮೈ ಕಾದೈತ್ರಿ, ಅಂಗಾಲ ಮಾತ್ರ ತಣ್ಣಗಾಗ್ಯಾವ” ಎನ್ನುತ್ತಾರೆ. ಈ ಮಾತು ಕಿವಿಗೆ ಬಿದ್ದ ಕೂಡಲೇ ನಾನು ಸ್ಟೆತಾಸ್ಕೋಪಿಗಿಂತ ಮೊದಲು ಮಗುವಿನ ಪಾದ ಹಿಡಿಯುತ್ತೇನೆ. ಕಾಲ್ಬೆರಳನ್ನು ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಕೆಂಪಾಗಬೇಕು. ಐದು ಸೆಕೆಂಡು ಹಿಡಿದರೆ, ರಕ್ತದೊತ್ತಡದ ಯಂತ್ರ ಏನೇ ತೋರಿಸಲಿ, ಆ ಮಗು ಅಪಾಯದಲ್ಲಿದೆ. ಮಕ್ಕಳಲ್ಲಿ ರಕ್ತದೊತ್ತಡ ಬೀಳುವುದು ಎಲ್ಲಕ್ಕಿಂತ ಕೊನೆಗೆ.

ಇಂಥ ಮಗುವಿಗೆ ತಡಮಾಡದೆ ದ್ರವ ಕೊಡಬೇಕು ಎಂಬುದಕ್ಕೆ ಅಂಕಿಅಂಶದ ಬಲ ಬಂದದ್ದು 1990ರ ದಶಕದಲ್ಲಿ. ಜೋಸೆಫ್ ಕಾರ್ಸಿಲ್ಲೊ ಮತ್ತು ಇಬ್ಬರು ಸಹೋದ್ಯೋಗಿಗಳು 1991ರಲ್ಲಿ ಸೆಪ್ಟಿಕ್ ಶಾಕ್‌ನ 34 ಮಕ್ಕಳ ಅಧ್ಯಯನ ಪ್ರಕಟಿಸಿದರು. ಮೊದಲ ಒಂದು ಗಂಟೆಯಲ್ಲಿ ಪ್ರತಿ ಕಿಲೋ ತೂಕಕ್ಕೆ 40 ಮಿಲಿಲೀಟರಿಗಿಂತ ಹೆಚ್ಚು ದ್ರವ ಪಡೆದ 9 ಮಕ್ಕಳಲ್ಲಿ 8 ಮಂದಿ ಬದುಕಿದರು, ಕಡಿಮೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ತೀರಿಕೊಂಡರು. ಈ ಒಂದು ಅಧ್ಯಯನ ನನ್ನ ತಲೆಮಾರಿನ ಮಕ್ಕಳ ವೈದ್ಯರ ಕೈಯನ್ನೇ ಬದಲಿಸಿತು. ಅದಕ್ಕೂ ಮೊದಲು ನಾವು ಮೈಕ್ರೋಡ್ರಿಪ್‌ನಲ್ಲಿ ಹನಿ ಎಣಿಸುತ್ತಿದ್ದೆವು. ಆಮೇಲೆ ದೊಡ್ಡ ಸಿರಿಂಜಿನಲ್ಲಿ ಸಲೈನ್ ಎಳೆದು ಕೈಯಿಂದ ಒತ್ತತೊಡಗಿದೆವು, ಹೆಬ್ಬೆರಳು ನೋಯುವ ತನಕ. ರಕ್ತನಾಳಕ್ಕೆ ಉಪ್ಪುನೀರು ಕೊಡುವುದು ಹೊಸ ವಿದ್ಯೆಯೇನಲ್ಲ. 1832ರ ಕಾಲರಾ ಕಾಲದಲ್ಲೇ ಸ್ಕಾಟ್ಲೆಂಡಿನ ಥಾಮಸ್ ಲಾಟಾ ಅದನ್ನು ಮಾಡಿದ್ದರು. ಅದಕ್ಕೆ ದಾರಿ ತೋರಿದ ವಿಲಿಯಂ ಓಶಾನೆಸಿ ಮುಂದೆ ಕಲ್ಕತ್ತೆಗೆ ಬಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿದರು. ಹೊಸದಾಗಿದ್ದದ್ದು ಆ ವೇಗ.

1998ರಲ್ಲಿ ಗ್ಯಾರಿ ಸೆನೆವಿವಾ, ಕಾರ್ಸಿಲ್ಲೊ ಮತ್ತಿತರರು ಮುಂದಿನ ಪ್ರಶ್ನೆ ಎತ್ತಿಕೊಂಡರು: ಅಷ್ಟು ದ್ರವ ಕೊಟ್ಟ ಮೇಲೂ ಶಾಕ್‌ನಿಂದ ಹೊರಬರದ ಮಕ್ಕಳಲ್ಲಿ ತಪ್ಪಿರುವುದು ಎಲ್ಲಿ? ಅಂಥ 50 ಮಕ್ಕಳಿಗೆ ಸ್ವಾನ್-ಗಾಂಜ್ ಕೊಳವೆ ಹಾಕಿ ಅಳೆದರು. ಶೇ. 58ರಷ್ಟು ಮಕ್ಕಳಲ್ಲಿ ಹೃದಯ ತಳ್ಳುವ ರಕ್ತ ಕಡಿಮೆ, ನಾಳಗಳು ಬಿಗಿ. ಶೇ. 22ರಲ್ಲಿ ಹೃದಯವೂ ಸೋತಿತ್ತು, ನಾಳವೂ ಸಡಿಲಿತ್ತು. ದೊಡ್ಡವರಲ್ಲಿ ಕಾಣುವಂತೆ ಹೃದಯ ಜೋರಾಗಿದ್ದು ನಾಳ ಸಡಿಲವಾದವರು ಶೇ. 20 ಮಾತ್ರ. ಮೊಲಗಳನ್ನು ನೋಡಿ ರೋಂಬರ್ಗ್ ಮಾಡಿದ ತೀರ್ಮಾನ ಮಕ್ಕಳ ಹಾಸಿಗೆಯ ಪಕ್ಕ ಬಂದು ಹೀಗೆ ಮುರಿದುಬಿತ್ತು. ಎಷ್ಟೋ ಮಕ್ಕಳ ಸ್ಥಿತಿ ಚಿಕಿತ್ಸೆಯ ನಡುವೆಯೇ ಒಂದರಿಂದ ಇನ್ನೊಂದಕ್ಕೆ ಹೊರಳುತ್ತಿತ್ತು ಎಂಬುದನ್ನೂ ಅವರು ಬರೆದರು. ಬೆಳಗಿನ ರೌಂಡ್ಸಿನಲ್ಲಿ ಬರೆದ ಔಷಧಿ ಮಧ್ಯಾಹ್ನಕ್ಕೆ ತಪ್ಪಾಗಬಹುದು. ಮಗುವಿನ ಪಕ್ಕದಲ್ಲೇ ಕೂತಿರುವ ಸಿಸ್ಟರ್‌ಗಳ ಬೆಲೆ ನನಗೆ ಅರ್ಥವಾದದ್ದು ಇದರಿಂದ. ಯಾವ ಮಾನಿಟರು ಕೂಗುವುದಕ್ಕೂ ಮೊದಲು ‘ಮೇಡಂ, ಲಿವರ್ ಕೆಳಗೆ ಬಂದಿದೆ’ ಎಂದು ಕರೆದವರು ಅವರೇ.

ಲಿವರಿನ ಮಾತು ಬಂತು. ಹೃದಯ ಸೋತ ಮಗುವಿಗೆ ದ್ರವ ಹೆಚ್ಚಾದರೆ ರಕ್ತ ಹಿಂದಕ್ಕೆ ನಿಂತು ಬಲ ಪಕ್ಕೆಲುಬಿನ ಕೆಳಗೆ ಲಿವರ್ ಕೈಗೆ ಸಿಗತೊಡಗುತ್ತದೆ, ಶ್ವಾಸಕೋಶದ ಬುಡದಲ್ಲಿ ಕಿರುಕಿರು ಸದ್ದು ಕೇಳುತ್ತದೆ. ಮೋಟಾರು ಸೋತಿದ್ದರೆ ಬಾವಿಯಲ್ಲಿ ಎಷ್ಟು ನೀರಿದ್ದರೇನು, ಗದ್ದೆಗೆ ಹರಿಯುವುದಿಲ್ಲ. ಇದು ಪುಸ್ತಕದಲ್ಲಿ ಮೊದಲಿಂದಲೂ ಇತ್ತು. ಆದರೆ 1991ರ ನಂತರದ ಉತ್ಸಾಹದಲ್ಲಿ ಸಲೈನ್ ಕೊಡು ಎಂಬುದಷ್ಟೇ ಜೋರಾಗಿ ಕೇಳಿಸಿತು, ನಿಲ್ಲಿಸಲು ಹೇಳುವ ಸಾಲುಗಳು ಹಿಂದೆ ಉಳಿದವು.

2011ರಲ್ಲಿ ಆಫ್ರಿಕದಿಂದ ಬಂದ ಸುದ್ದಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಕ್ಯಾಥರಿನ್ ಮೈಟ್‌ಲ್ಯಾಂಡ್ ಮುಂದಾಳುತನದಲ್ಲಿ ಕೀನ್ಯಾ, ಉಗಾಂಡ, ತಾಂಜಾನಿಯದ ಆರು ಆಸ್ಪತ್ರೆಗಳಲ್ಲಿ ನಡೆದ ಫೀಸ್ಟ್ ಎಂಬ ಅಧ್ಯಯನ ಅದು. ಜ್ವರ ಬಂದು, ರಕ್ತ ಸಂಚಾರ ಕುಂದಿದ 3141 ಮಕ್ಕಳನ್ನು ಮೂರು ಗುಂಪು ಮಾಡಿದ್ದರು. ವೇಗವಾಗಿ ಆಲ್ಬುಮಿನ್ ಪಡೆದವರಲ್ಲಿ 48 ಗಂಟೆಯೊಳಗೆ ಶೇ. 10.6, ಸಲೈನ್ ಪಡೆದವರಲ್ಲಿ ಶೇ. 10.5 ಮಕ್ಕಳು ತೀರಿಕೊಂಡರು. ವೇಗದ ದ್ರವ ಕೊಡದೆ ದಿನದ ಅಗತ್ಯದಷ್ಟೇ ಕೊಟ್ಟವರಲ್ಲಿ ಸಾವು ಶೇ. 7.3. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮಲೇರಿಯ ಇತ್ತು, ಎಷ್ಟೋ ಮಕ್ಕಳಿಗೆ ತೀವ್ರ ರಕ್ತಹೀನತೆ, ಆ ಆಸ್ಪತ್ರೆಗಳಲ್ಲಿ ವೆಂಟಿಲೇಟರ್ ಇರಲಿಲ್ಲ, ಇದು ನಮಗೆ ಅನ್ವಯಿಸದು ಎಂದು ಹಲವರು ವಾದಿಸಿದರು. ವಾದದಲ್ಲಿ ಹುರುಳಿದೆ. ಆದರೂ ಆ ವಾರ್ಡುಗಳ ವರ್ಣನೆ ಓದುವಾಗ ನನಗೆ ಕಂಡದ್ದು ನಮ್ಮ ತಾಲ್ಲೂಕು ಆಸ್ಪತ್ರೆಗಳೇ, ಅಮೆರಿಕದ ಐಸಿಯು ಅಲ್ಲ. 2013ರಲ್ಲಿ ಅದೇ ತಂಡ ಸಾವಿನ ಕಾರಣಗಳನ್ನು ಮತ್ತೆ ಬಿಡಿಸಿ ನೋಡಿತು. ಹೆಚ್ಚಿನ ಸಾವುಗಳಿಗೆ ಮುಖ್ಯ ಕಾರಣ ಶ್ವಾಸಕೋಶದಲ್ಲಿ ನೀರು ತುಂಬಿದ್ದಲ್ಲ, ಹೃದಯ ಮತ್ತು ರಕ್ತ ಸಂಚಾರ ಕುಸಿದದ್ದು ಎಂದು ತಿಳಿಯಿತು. ಆ ಮಕ್ಕಳನ್ನು ಸೇರಿಸಿಕೊಂಡ ವೈದ್ಯರು ಸಹಾಯವೆಂದೇ ಸಲೈನ್ ಕೊಟ್ಟಿದ್ದರು. ಈ ಅಧ್ಯಯನ ಮಾಡುವುದಕ್ಕೂ, ಬಂದ ಉತ್ತರವನ್ನು ಮುಚ್ಚಿಡದೆ ಹೇಳುವುದಕ್ಕೂ ಬೇಕಾದ ಧೈರ್ಯವನ್ನು ನಾನು ತುಂಬ ಗೌರವಿಸುತ್ತೇನೆ.

ಸೋತ ಹೃದಯಕ್ಕೂ ನಾಳಕ್ಕೂ ಬಲ ಕೊಡುವ ಔಷಧಿಗಳ ಕಥೆಯೂ ಇದೇ ಹೊತ್ತಿಗೆ ತಿರುವು ಪಡೆಯಿತು. ಜೋಕಿಚಿ ತಕಾಮಿನೆ 1901ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದ ಅಡ್ರಿನಲಿನ್ ಹಳೆಯದೆಂದು ಮೂಲೆ ಸೇರಿ, ನಮ್ಮ ಕಾಲದಲ್ಲಿ ಎಲ್ಲ ಮಕ್ಕಳಿಗೂ ಮೊದಲು ಡೋಪಮಿನ್ ಎಂಬ ರೂಢಿಯಿತ್ತು. ಬ್ರೆಜಿಲ್‌ನ ಸಾವೊ ಪಾಲೊದಲ್ಲಿ 120 ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡೋಪಮಿನ್ ಪಡೆದವರ ಸಾವು ಶೇ. 20.6, ಅಡ್ರಿನಲಿನ್ ಪಡೆದವರದು ಶೇ. 7. ಮರುವರ್ಷವೇ ಚಂಡೀಗಢದ ಪಿಜಿಐ ವೈದ್ಯರು 60 ಮಕ್ಕಳ ಅಧ್ಯಯನ ಪ್ರಕಟಿಸಿದರು. ಮೊದಲ ಗಂಟೆಯಲ್ಲಿ ಶಾಕ್‌ನಿಂದ ಹೊರಬಂದವರು ಅಲ್ಲಿಯೂ ಅಡ್ರಿನಲಿನ್ ಗುಂಪಿನಲ್ಲೇ ಹೆಚ್ಚು. ನಮ್ಮ ದೇಶದ ಮಕ್ಕಳು, ನಮ್ಮ ದೇಶದ ಸೋಂಕುಗಳು, ನಮ್ಮವರೇ ಕಂಡುಕೊಂಡ ಉತ್ತರ. ಆ ಲೇಖನವನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ತಪ್ಪದೆ ಓದಿಸುತ್ತಿದ್ದೆ. ಕತ್ತಿನ ಅಥವಾ ತೊಡೆಯ ದೊಡ್ಡ ನಾಳ ಸಿಗುವ ತನಕ ಕಾಯದೆ, ಕೈಯ ನಾಳದಲ್ಲೇ ಇಂಥ ಔಷಧಿ ಶುರುಮಾಡಿ ಎಂದು 2007ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳಿತ್ತು. ಸಣ್ಣ ಊರಿನ ವೈದ್ಯರಿಗೆ ಇದಕ್ಕಿಂತ ಉಪಕಾರದ ಸಾಲು ಇನ್ನೊಂದಿಲ್ಲ.

2020ರ ಮಾರ್ಗಸೂಚಿ ಆಫ್ರಿಕದ ಪಾಠವನ್ನು ಒಳಗೆ ತೆಗೆದುಕೊಂಡಿತು. ಐಸಿಯು ಇರುವ ಕಡೆ ಮೊದಲ ಗಂಟೆಯಲ್ಲಿ ಕಿಲೋಗೆ 40ರಿಂದ 60 ಮಿಲಿಲೀಟರ್ ತನಕ, ಅದೂ ಕಂತುಕಂತಾಗಿ, ಪ್ರತಿ ಕಂತಿಗೂ ಮಗುವನ್ನು ಮತ್ತೆ ಪರೀಕ್ಷಿಸಿ. ಐಸಿಯು ಇಲ್ಲದ ಕಡೆ, ರಕ್ತದೊತ್ತಡ ಕುಸಿಯದಿದ್ದರೆ, ವೇಗದ ದ್ರವ ಬೇಡ. ಪಾದ ಮುಟ್ಟಿ ಮಾತ್ರವೇ ಶಾಕ್ ತಣ್ಣನೆಯದೋ ಬೆಚ್ಚನೆಯದೋ ಎಂದು ನಿರ್ಧರಿಸಬೇಡಿ ಎಂದೂ ಅದು ಹೇಳಿತು. ಚೆನ್ನೈನ ಮಕ್ಕಳ ತೀವ್ರ ನಿಗಾ ವೈದ್ಯರು 2014ರಲ್ಲೇ ಎಕೋ ಮತ್ತು ನಾಳದೊಳಗಿನ ಒತ್ತಡದ ಅಳತೆ ಸೇರಿಸಿ ನೋಡಿ, ತಣ್ಣನೆಯ ಪಾದದ ಎಷ್ಟೋ ಮಕ್ಕಳಲ್ಲಿ ನಾಳ ಸಡಿಲವಾಗಿರುವುದನ್ನು ತೋರಿಸಿದ್ದರು. ಇದರಿಂದ ಅಜ್ಜಿಯ ಮಾತು ಸುಳ್ಳಾಗುವುದಿಲ್ಲ. ಮಗು ಅಪಾಯದಲ್ಲಿದೆ ಎಂದು ಪಾದ ಸರಿಯಾಗಿಯೇ ಹೇಳುತ್ತದೆ. ಸೋತಿರುವುದು ಹೃದಯವೋ ನಾಳವೋ ಎಂದು ಹೇಳಲು ಅದಕ್ಕೆ ಬರುವುದಿಲ್ಲ. ಅದಕ್ಕೆ ಎಕೋ ಬೇಕು.

ಮಕ್ಕಳ ಸೆಪ್ಸಿಸ್ ಗುರುತಿಸಲು 2024ರ ಜನವರಿಯಲ್ಲಿ ಬಂದ ಫೀನಿಕ್ಸ್ ಮಾನದಂಡ ‘ತೀವ್ರ ಸೆಪ್ಸಿಸ್’ ಎಂಬ ಹಳೆಯ ಪದವನ್ನೇ ಕೈಬಿಟ್ಟಿತು. ಉಸಿರಾಟ, ರಕ್ತ ಸಂಚಾರ, ರಕ್ತ ಹೆಪ್ಪುಗಟ್ಟುವಿಕೆ, ನರಮಂಡಲ ಈ ನಾಲ್ಕಕ್ಕೆ ಅಂಕ ಕೊಟ್ಟು ಸೆಪ್ಸಿಸ್ ನಿರ್ಧರಿಸುತ್ತಾರೆ. ರಕ್ತ ಸಂಚಾರದ ಅಂಕ ಸಿಗುವುದು ರಕ್ತದೊತ್ತಡ, ರಕ್ತದಲ್ಲಿನ ಲ್ಯಾಕ್ಟೇಟ್ ಮಟ್ಟ ಮತ್ತು ಕೊಡುತ್ತಿರುವ ಔಷಧಿಗಳಿಂದ. ಹೃದಯದ ಸ್ನಾಯು ಹೇಗೆ ಕುಗ್ಗುತ್ತಿದೆ ಎಂಬುದಕ್ಕೆ ಅಲ್ಲಿ ಅಂಕವಿಲ್ಲ. ಜಗತ್ತಿನ ಎಲ್ಲ ಆಸ್ಪತ್ರೆಗಳಿಗೂ ಹೊಂದಬೇಕಾದ ಲೆಕ್ಕದಲ್ಲಿ ಎಕೋ ಸೇರಿಸುವುದು ಕಷ್ಟವೆಂದು ನನಗೂ ಗೊತ್ತು. 2017ರ ಒಂದೇ ವರ್ಷದಲ್ಲಿ ಐದು ವರ್ಷದೊಳಗಿನ ಸುಮಾರು 29 ಲಕ್ಷ ಮಕ್ಕಳು ಸೆಪ್ಸಿಸ್‌ಗೆ ಬಲಿಯಾದರು ಎಂದು ಜಾಗತಿಕ ಅಂದಾಜು. ಅವರಲ್ಲಿ ಬಹುಪಾಲು ಎಕೋ ಯಂತ್ರವಿಲ್ಲದ ಊರುಗಳ ಮಕ್ಕಳು. ಆದರೂ ಮಕ್ಕಳ ವಿಭಾಗವಿರುವ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೂ ಹೃದಯ ನೋಡಬಲ್ಲ ಒಬ್ಬ ವೈದ್ಯರಿರಬೇಕು ಎಂದು ನಾನು ಗಟ್ಟಿಯಾಗಿಯೇ ಕೇಳುತ್ತೇನೆ. ಕೈಯಲ್ಲಿ ಹಿಡಿಯುವ ಎಕೋ ಯಂತ್ರಗಳು ಬಂದಿರುವ ಈ ಕಾಲದಲ್ಲಿ ಇದು ಅತಿಯಾಸೆಯಲ್ಲ.

ತಾಯ್ತಂದೆಯರಿಗೆ ಎಕೋ ವರದಿ ತರುವ ಭಯವೇ ಬೇರೆ. ಮೂರನೇ ದಿನದ ವರದಿಯಲ್ಲಿ ಇಜೆಕ್ಷನ್ ಫ್ರ್ಯಾಕ್ಷನ್ ಶೇ. 30 ಎಂದಿದ್ದರೆ, ಮಗು ಉಳಿಯುತ್ತದೆಯೇ ಎಂಬ ಪ್ರಶ್ನೆಯ ಹಿಂದೆಯೇ ಇನ್ನೊಂದು ಬರುತ್ತದೆ. “ಹಾರ್ಟಿನ ಪೇಷಂಟ ಆತೇನ್ರಿ ನಮ್ಮ ಹುಡುಗಿ? ನಾಳೆ ಲಗ್ನಕ್ಕ ಯಾರ ಒಪ್ತಾರ್ರಿ?” ಎಂದು ಎರಡು ವರ್ಷದ ಕೂಸಿನ ತಂದೆ ಕೇಳಿದ್ದಿದೆ. ಎಲ್ಲ ಮಕ್ಕಳೂ ಉಳಿಯುವುದಿಲ್ಲ, ಆ ಮಾತನ್ನು ಮೊದಲೇ ಹೇಳಬೇಕು, ಹೇಳುತ್ತೇನೆ. ಉಳಿದವರ ವಿಷಯದಲ್ಲಿ ಬೆಥೆಸ್ಡಾದ ಆ 13 ಮಂದಿಯಿಂದ ಹಿಡಿದು ನನ್ನ ವಾರ್ಡಿನಲ್ಲಿ ನಾನು ಕಂಡದ್ದರ ತನಕ ಎಲ್ಲವೂ ಬಹುತೇಕ ಒಂದೇ ಕಡೆ ಬೆರಳು ಮಾಡುತ್ತದೆ: ಹೃದಯ ಮರಳುತ್ತದೆ. ಅದಕ್ಕೇ ಮನೆಗೆ ಕಳಿಸುವ ಮುನ್ನ ಇನ್ನೊಂದು ಎಕೋ ಮಾಡಿಸುತ್ತೇನೆ. ಸರಿಹೋದ ಅಂಕಿಯನ್ನು ಡಿಸ್ಚಾರ್ಜ್ ಕಾರ್ಡಿನಲ್ಲಿ ದಪ್ಪಕ್ಷರದಲ್ಲಿ ಕನ್ನಡದಲ್ಲೇ ಬರೆದು, ಎರಡೂ ವರದಿಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ, ಯಾವ ಡಾಕ್ಟರ ಹತ್ತಿರ ಹೋದರೂ ಎರಡನ್ನೂ ತೋರಿಸಿ ಎಂದು ಹೇಳಿ ಕಳಿಸುತ್ತೇನೆ.